ಓದುಗರ ಪ್ರಶ್ನೆ: ಕಲ್ಲಿಲ್ಲದ ನಾಡಿನ ಗುಡಿ

ಪ್ರಶ್ನೆ: ಮಗನಿಗೆ ಕೋಲ್ಕತ್ತಾದಲ್ಲಿ ಕೆಲಸ ಸಿಕ್ಕಿದೆ. ಡಿಸೆಂಬರ್‌ನಲ್ಲಿ ಹೋಗುತ್ತಿದ್ದೇವೆ. ದಕ್ಷಿಣೇಶ್ವರ, ಬೇಲೂರು ಮಠ ಹೇಗೂ ನೋಡ್ತೀವಿ. ಒಂದು ಹಳ್ಳಿ, ಅಲ್ಲೊಂದು ಹಳೇ ಗುಡಿ ನೋಡಬೇಕು ಅಂತ ಆಸೆ. ಯಾವುದಕ್ಕೆ ಹೋಗಲಿ?
– ಓದುಗರೊಬ್ಬರು, ಕುಕನೂರು

ಉತ್ತರ: ಆಂಟ್‌ಪುರಕ್ಕೆ ಹೋಗಿ ಬನ್ನಿ. ಹೂಗ್ಲಿ ಜಿಲ್ಲೆಯ ಹಳ್ಳಿ ಅದು. ಹೌರಾದಿಂದ ತಾರಕೇಶ್ವರದ ಲೋಕಲ್ ರೈಲು ಹತ್ತಿ ಹರಿಪಾಲ್‌ನಲ್ಲಿ ಇಳಿದರೆ ಮುಂದೆ ರಸ್ತೆ ದಾರಿ. ಬೆಳಿಗ್ಗೆ ಹೊರಟು ಸಂಜೆಗೆ ವಾಪಸ್ ಬರಬಹುದು. ಅಲ್ಲಿನ ರಾಧಾಗೋವಿಂದನ ಗುಡಿಯನ್ನು 1786ರಲ್ಲಿ ಬರ್ಧಮಾನ್ ಸಂಸ್ಥಾನದ ದಿವಾನರಾಗಿದ್ದ ಕೃಷ್ಣರಾಮ್ ಮಿತ್ರ ಕಟ್ಟಿಸಿದರು. ಸುಮಾರು 100 ಅಡಿ ಎತ್ತರ, ಪೂರ್ತಿ ಇಟ್ಟಿಗೆಯದು. ಪಕ್ಕದಲ್ಲೇ ಹಲಸಿನ ಮರದ ಕೆತ್ತನೆಯ ಚಂಡೀಮಂಟಪ, ಅಂದರೆ ದೇವಿಪೂಜೆಯ ಮಂಟಪ ಇದೆ, ಅದು ಗುಡಿಗಿಂತ ಹಳೆಯದು. ಮೇಲೆ ಹುಲ್ಲಿನ ಚಾವಣಿ ಅಂತ ಸುಮ್ನೆ ದಾಟಿ ಹೋಗಬೇಡಿ, ಒಳಗಿನ ಕಂಬ, ತೊಲೆ ಎಲ್ಲ ನೋಡಿ.

ಇನ್ನು ರೈಲು. ಅಮರಾವತಿ ಎಕ್ಸ್‌ಪ್ರೆಸ್ ಕೊಪ್ಪಳದ ಮೇಲೇ ಹೌರಾಕ್ಕೆ ಹೋಗುತ್ತದೆ. ದಿನಾ ಇರಲ್ಲ, ವಾರ ನೋಡಿ ಬುಕ್ ಮಾಡಿ.

ಪ್ರಶ್ನೆ: ಬಂಗಾಳದ ಗುಡಿಗಳೆಲ್ಲ ಇಟ್ಟಿಗೆಯವು, ಗೋಡೆ ಮೇಲಿನ ಗೊಂಬೆಗಳೂ ಮಣ್ಣಿನವು ಅಂತಾರೆ. ಹಂಪಿಯ ಕಲ್ಲು ನೋಡಿದ ನಮಗೆ ನಂಬೋಕೆ ಆಗ್ತಿಲ್ಲ. ಅಷ್ಟು ಮಳೆಗೆ ಕರಗಲ್ವಾ?
– ಓದುಗರೊಬ್ಬರು, ಬಳ್ಳಾರಿ

ಉತ್ತರ: ಸುಟ್ಟ ಮಣ್ಣು ನೀರಿಗೆ ಕರಗಲ್ಲ. ಹಸಿ ಮಣ್ಣಿನ ಹಲಗೆ ಮಾಡಿ, ಅದು ಮೆತ್ತಗಿರುವಾಗಲೇ ಗೊಂಬೆ ಕೆತ್ತಿ, ಒಣಗಿಸಿ, ಆಮೇಲೆ ಸುಡುತ್ತಿದ್ದರು. ಗೋಡೆಗೆ ಜೋಡಿಸುತ್ತಿದ್ದದ್ದು ಸುಟ್ಟ ಮೇಲೆ.

ನಮ್ಮ ಕಡೆ ಎಲ್ಲಿ ಅಗೆದರೂ ಬಂಡೆ. ಇಟಗಿಯ ಮಹಾದೇವ ಗುಡಿಗೆ, 1112ರಲ್ಲಿ, ನಯವಾಗಿ ಕೆತ್ತೋಕೆ ಬಳಪದ ಕಲ್ಲು ಸಿಕ್ಕಿತು. ಹೂಗ್ಲಿ ಕಡೆ ಎಷ್ಟು ಆಳ ಅಗೆದರೂ ನದಿ ತಂದು ಹಾಕಿದ ಮೆಕ್ಕಲು ಮಣ್ಣೇ, ಹಾಗಾಗಿ ಅಲ್ಲಿನ ಕೆಲಸಗಾರರ ಕೈ ಪಳಗಿದ್ದು ಮಣ್ಣಿನಲ್ಲಿ, ಮತ್ತು ಆ ಕೈ ನಮ್ಮ ಶಿಲ್ಪಿಗಳ ಕೈಗೆ ಒಂದಿಷ್ಟೂ ಕಡಿಮೆಯಿಲ್ಲ ಅಂತ ನಾನು ಖಂಡಿತ ಹೇಳ್ತೀನಿ. ಆಂಟ್‌ಪುರದ ಗೋಡೆ ಹತ್ತಿರ ನಿಂತು ನೋಡಬೇಕು. ಅಂಗೈಯಷ್ಟು ಜಾಗದಲ್ಲಿ ಒಂದು ಕಥೆ. ಕೃಷ್ಣಲೀಲೆ ಇದೆ, ರಾಮಾಯಣ, ಮಹಾಭಾರತದ ಯುದ್ಧ ಇದೆ, ಜೊತೆಗೆ ಬಂದೂಕು ಹಿಡಿದ ಸಿಪಾಯಿಗಳೂ ಇದ್ದಾರೆ! ಪ್ಲಾಸಿ ಯುದ್ಧ ಮುಗಿದು ಮೂವತ್ತು ವರ್ಷ ಆಗಿರಲಿಲ್ಲ. ಕಣ್ಣೆದುರು ಓಡಾಡುತ್ತಿದ್ದ ಜನರನ್ನೂ ದೇವರ ಗೋಡೆಗೆ ಸೇರಿಸಿಬಿಟ್ಟರು.

ಮಳೆಗೆ ಅವರು ಉತ್ತರ ಕೊಟ್ಟದ್ದು ಮಾಡಿನಲ್ಲಿ. ನಮ್ಮಲ್ಲಿ ಮಳೆ ಕಡಿಮೆ, ಅದಕ್ಕೇ ಮಣ್ಣಿನ ಮಾಳಿಗೆ ಸಪಾಟಾಗಿದ್ದರೂ ನಡೆಯಿತು. ಅಲ್ಲಿ ಬಿದಿರು ಬಗ್ಗಿಸಿ, ಹುಲ್ಲು ಹೊದಿಸಿ, ಅಂಚು ಕೆಳಗೆ ಬಾಗಿದ ಗುಡಿಸಲು ಕಟ್ಟುತ್ತಿದ್ದರು. ನೀರು ನಿಲ್ಲದೆ ಜಾರಿ ಹೋಗಬೇಕು. ಗುಡಿಗೂ ಅದೇ ಆಕಾರವನ್ನು ಇಟ್ಟಿಗೆಯಲ್ಲಿ ಕೊಟ್ಟರು. ಗುಡಿಸಲಿನ ಮಾಡು, ಅದರ ಮೇಲೆ ಇನ್ನೊಂದು ಸಣ್ಣ ಮಾಡು, ಎರಡೂ ಸೇರಿ ಎಂಟು ಇಳಿಜಾರು.

ಇಟ್ಟಿಗೆಗೆ ನಿಜವಾದ ಶತ್ರು ಕೆಳಗಿನಿಂದ ಬರುತ್ತದೆ. ತುಂಗಭದ್ರಾ ಕಾಲುವೆ ಕೆಳಗಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹೊಲಕ್ಕೆ ಸವಳು ಏರುವ ಹಾಗೆಯೇ ಗೋಡೆಗೂ ಏರುತ್ತದೆ. ನೆಲದ ತೇವದ ಜೊತೆ ಉಪ್ಪು ಮೇಲೆ ಬಂದು, ನೀರು ಆರಿದ ಮೇಲೆ ಅಲ್ಲೇ ಗಟ್ಟಿಯಾಗಿ, ಗೊಂಬೆಯ ಮುಖವನ್ನೇ ಪುಡಿ ಮಾಡಿ ಉದುರಿಸುತ್ತದೆ. ಸಂದಿಯಲ್ಲಿ ಅರಳಿ ಸಸಿ ಬೇರು ಬಿಟ್ಟರಂತೂ ಕಥೆ ಮುಗಿಯಿತು. ದಯವಿಟ್ಟು ಗೊಂಬೆಗಳನ್ನು ಮುಟ್ಟಬೇಡಿ, ಮಕ್ಕಳಿಗೂ ಮೊದಲೇ ಹೇಳಿಡಿ. ಉದುರಿದ ಮೂಗನ್ನು ಮತ್ತೆ ಅಂಟಿಸೋಕೆ ಆಗಲ್ಲ.

ಪ್ರಶ್ನೆ: ವಿವೇಕಾನಂದರು ಸನ್ಯಾಸದ ಪಣ ತೊಟ್ಟದ್ದು ಒಂದು ಹಳ್ಳಿಯಲ್ಲಿ ಅಂತ ಓದಿದ್ದೆ. ಯಾವ ಹಳ್ಳಿ?
– ಓದುಗರೊಬ್ಬರು, ರಾಯಚೂರು

ಉತ್ತರ: ಇದೇ ಆಂಟ್‌ಪುರ. ರಾಮಕೃಷ್ಣರು ತೀರಿಕೊಂಡದ್ದು 1886ರ ಆಗಸ್ಟ್‌ನಲ್ಲಿ. ಅದೇ ವರ್ಷ ಡಿಸೆಂಬರ್ 24ರ ರಾತ್ರಿ, ಗೆಳೆಯ ಬಾಬುರಾಮ್ ಅವರ ಊರಿನಲ್ಲಿ ಧುನಿ, ಅಂದರೆ ಸಾಧುಗಳು ಹಾಕುವ ಬೆಂಕಿ, ಹಾಕಿಕೊಂಡು ಕೂತು ಒಂಬತ್ತು ಯುವಕರು ಸಂಸಾರ ಬಿಡುವ ಪಣ ತೊಟ್ಟರು. ಬಾಬುರಾಮ್ ಮುಂದೆ ಸ್ವಾಮಿ ಪ್ರೇಮಾನಂದರಾದರು. ಆ ಜಾಗದಲ್ಲಿ ಈಗ ರಾಮಕೃಷ್ಣ ಮಠ ಇದೆ. ಕುಕನೂರಿನವರು ಡಿಸೆಂಬರ್‌ನಲ್ಲೇ ಹೊರಟಿದ್ದಾರೆ, 24ಕ್ಕೆ ಅಲ್ಲಿರುವ ಹಾಗೆ ನೋಡಿಕೊಳ್ಳಲಿ.

ಪ್ರಶ್ನೆ: ನಮ್ಮೂರ ಹತ್ತಿರದ ಆರ್‌ಎಚ್ (ನಿರಾಶ್ರಿತರ ಪುನರ್ವಸತಿ) ಕ್ಯಾಂಪ್‌ಗಳಲ್ಲಿ ಬಂಗಾಳಿಗಳು ದುರ್ಗಾಪೂಜೆ ಮಾಡ್ತಾರೆ. ಅವರ ಊರಲ್ಲೂ ಇಂಥ ಗುಡಿಗಳಿದ್ದವಾ?
– ಓದುಗರೊಬ್ಬರು, ಸಿಂಧನೂರು

ಉತ್ತರ: ಆಂಟ್‌ಪುರ ಪಶ್ಚಿಮ ಬಂಗಾಳದ್ದು. ಕ್ಯಾಂಪ್‌ನ ಹಿರಿಯರು ಬಂದದ್ದು ಪೂರ್ವ ಪಾಕಿಸ್ತಾನದಿಂದ, ಅಂದರೆ ಈಗಿನ ಬಾಂಗ್ಲಾದೇಶದಿಂದ. ಸುಟ್ಟ ಮಣ್ಣಿನ ಗುಡಿಗಳು ಆ ಕಡೆಯೂ ಇವೆ. ದಿನಾಜ್‌ಪುರದ ಕಾಂತಜೀ ಗುಡಿ ಇಂದಿಗೂ ನಿಂತಿದೆ, ಅದು ಮುಗಿದದ್ದು 1752ರಲ್ಲಿ. ಅವರವರ ಊರಲ್ಲಿ ಏನಿತ್ತು ಅನ್ನೋದನ್ನ ಮಾತ್ರ ಅವರೇ ಹೇಳಬೇಕು. ದಸರಾಕ್ಕೆ ಕ್ಯಾಂಪ್‌ಗೆ ಹೋಗಿ. ಬಿದಿರು, ಹುಲ್ಲಿನ ಮೇಲೆ ಮಣ್ಣು ಮೆತ್ತಿ ದೇವಿಯನ್ನು ಮಾಡುವ ಹೊತ್ತಿಗೆ, ಅಂದರೆ ಪೂಜೆಗೆ ಮುಂಚೆಯೇ ಹೋದರೆ ಇನ್ನೂ ಒಳ್ಳೇದು. ಅಲ್ಲಿನ ಅಜ್ಜ ಅಜ್ಜಿಯರ ಹತ್ತಿರ ಕೂತು ಅವರ ಹಳೇ ಊರಿನ ಹೆಸರು, ಗುಡಿ, ಹೊಳೆ, ಪೂಜೆ ನಡೆಯುತ್ತಿದ್ದ ಮಂಟಪ ಎಲ್ಲ ಕೇಳಿ ಬರೆದುಕೊಳ್ಳಿ. ದೊಡ್ಡವರಾದ ಮೇಲೆ ಗಡಿ ದಾಟಿ ಬಂದವರಿಗೆ ಈಗ ಎಪ್ಪತ್ತು ದಾಟಿದೆ. ಮುಂದಿನ ವರ್ಷಕ್ಕೆ ಅಂತ ಮುಂದೂಡಬೇಡಿ. ಬರೆದದ್ದನ್ನು ನಮಗೆ ಕಳಿಸಿ, ಇದೇ ಅಂಕಣದಲ್ಲಿ ಹಾಕುತ್ತೇವೆ.