ಮಾನಸಗಂಗೋತ್ರಿಯ ಹತ್ತಿರ ಕುಟುಂಬಕ್ಕೆ ಬಾಡಿಗೆ ಮನೆ

ಮೈಸೂರಿನ ಸರಸ್ವತಿಪುರಂನಲ್ಲಿ ಕುಟುಂಬಕ್ಕೆ ಮನೆ ಸಿಗುತ್ತಿಲ್ಲ ಎಂದಿದ್ದೀರಿ. ಬಹುಶಃ ನೀವು ಹುಡುಕುತ್ತಿರುವ ಕಾಲವೇ ಕಾರಣ. ಕಾಲೇಜು ಪ್ರವೇಶದ ತಿಂಗಳುಗಳಲ್ಲಿ ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯ ಸುತ್ತ ಎಷ್ಟೋ ಮಾಲೀಕರು ಕೋಣೆಗಳನ್ನು ಬಿಡಿಬಿಡಿಯಾಗಿ ವಿದ್ಯಾರ್ಥಿಗಳಿಗೆ ಕೊಡುತ್ತಾರೆ, ಅದರಲ್ಲಿ ಆದಾಯ ಹೆಚ್ಚು. ಪರೀಕ್ಷೆ ಮುಗಿದು ಅವರು ಊರಿಗೆ ಹೊರಡುವವರೆಗೆ ಕಾಯಲಾಗದಿದ್ದರೆ ಬೋಗಾದಿ, ವಿಜಯನಗರದ ಕಡೆ ನೋಡಿ. ಮೊಬೈಲ್ ಜಾಹೀರಾತು ನಂಬಿ ಕೂರಬೇಡಿ. ಬೆಳಿಗ್ಗೆ ಅಡ್ಡರಸ್ತೆಗಳಲ್ಲಿ ನಡೆದು ಗೇಟಿಗೆ ಕಟ್ಟಿದ ರಟ್ಟಿನ ಫಲಕ ಹುಡುಕಿ, ಮೂಲೆಯ ಇಸ್ತ್ರಿ ಅಂಗಡಿಯವರನ್ನು ವಿಚಾರಿಸಿ. ಯಾವ ಮನೆ ಖಾಲಿಯಾಗಲಿದೆ ಎಂಬುದು ಅವರಿಗೆ ಮೊದಲೇ ಗೊತ್ತಿರುತ್ತದೆ.

ಮನೆ ಹಿಡಿಸಿದರೆ ರಾತ್ರಿ ಒಂಬತ್ತರ ನಂತರ ಇನ್ನೊಮ್ಮೆ ಹೋಗಿ. ಪಕ್ಕದಲ್ಲಿ ಪಿಜಿ ಇದ್ದರೆ ಬೈಕುಗಳು ನಿಮ್ಮ ಗೇಟಿಗೆ ಅಡ್ಡ ನಿಂತಿರುವುದು ಆಗಲೇ ಕಾಣುವುದು. ನಲ್ಲಿ ನೀರು ಯಾವ ದಿನ, ಎಷ್ಟು ಹೊತ್ತು ಬರುತ್ತದೆ ಎಂದು ನೆರೆಯವರನ್ನೇ ಕೇಳಿ. ಆಮೇಲೆ ಮುಂಗಡದ ಮಾತು: ಅದು ಯಾವಾಗ ವಾಪಸು, ಬಣ್ಣಕ್ಕೆಂದು ಎಷ್ಟು ಕಡಿತ ಎಂಬುದನ್ನು 11 ತಿಂಗಳ ಕರಾರಿನಲ್ಲಿ ಬರೆಸಿಕೊಂಡೇ ಹಣ ಕೊಡಿ.