ಸುರಂಗದ ನೀರನ್ನು ಯಾವ ಕಾಲಂನಲ್ಲಿ ಬರೆಯುವುದು?

ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಿಗೆ ಭಾರತ ಕೊಟ್ಟ ಮಾತು ಕೇರಳದ ಕಾಸರಗೋಡಿನ ಗುಡ್ಡದ ಮನೆಗಳವರೆಗೆ ಬಂದಿದೆಯೇ ಎಂದು ಕೇಳಿದ್ದೀರಿ. ಬಂದಿದೆ, ಆದರೆ ನಲ್ಲಿಯ ರೂಪದಲ್ಲಿ. ತೊಡಕೂ ಅಲ್ಲಿಯೇ ಇದೆ: ಗುಡ್ಡಕ್ಕೆ ಅಡ್ಡಕ್ಕೆ ಕೊರೆದ ಸುರಂಗದಿಂದ ನೀರು ಪಡೆಯುವ ಮನೆಗೆ ಆ ಲೆಕ್ಕದಲ್ಲಿ ಜಾಗವಿಲ್ಲ.

2015ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಒಪ್ಪಿದ 17 ಗುರಿಗಳಿಗೆ 2030 ಗಡುವು. ನಮ್ಮಲ್ಲಿ ರಾಜ್ಯಗಳಿಗೆ ಅಂಕ ಹಾಕುವುದು ನೀತಿ ಆಯೋಗ. 2023-24ರ ಪಟ್ಟಿಯಲ್ಲಿ ಕೇರಳ, ಉತ್ತರಾಖಂಡ ಎರಡಕ್ಕೂ 79 ಅಂಕ, ಎರಡಕ್ಕೂ ಮೊದಲ ಸ್ಥಾನ. ಪಂಚಾಯತ್ ಮಟ್ಟಕ್ಕೆ ಇಳಿಯುವಾಗ 17 ಗುರಿಗಳು 9 ವಿಷಯಗಳಾಗುತ್ತವೆ. ಅದರಲ್ಲಿ ಒಂದು ‘ಜಲಸಮೃದ್ಧ ಗ್ರಾಮ’. ಆರನೇ ಗುರಿ ಕೇಳುವುದು ಸುರಕ್ಷಿತ ಕುಡಿಯುವ ನೀರು. ಅದನ್ನು ಅಳೆಯುವ ರಾಷ್ಟ್ರೀಯ ಸೂಚಕಗಳಲ್ಲಿ ಮುಖ್ಯವಾದದ್ದು, ಎಷ್ಟು ಜನರಿಗೆ ಮನೆಯಂಗಳದಲ್ಲೇ ಪೈಪಿನ ನೀರು ಸಿಗುತ್ತದೆ ಎಂಬುದು. ಹಳ್ಳಿಯ ಮನೆಮನೆಗೆ ನಲ್ಲಿ ನೀರು ಕೊಡುವ ಕೇಂದ್ರದ ಯೋಜನೆ, 2019ರ ಜಲ ಜೀವನ್ ಮಿಷನ್, ಅದೇ ದಾರಿಯಲ್ಲಿ ತಲೆಗೆ ದಿನಕ್ಕೆ 55 ಲೀಟರ್ ಎಂದು ಲೆಕ್ಕ ಹಾಕಿತು.

ಈಗ ಕಾಸರಗೋಡಿನ ಬಾಯಾರು, ಪಡ್ರೆ, ಶೇಣಿ, ಏತಡ್ಕದ ಕಡೆ ಬನ್ನಿ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಇದು, ಆದರೂ ಮಾರ್ಚ್ ಬಂದರೆ ಬಾವಿಯ ತಳ ಕಾಣುತ್ತದೆ. ಮುರಕಲ್ಲಿನ (ಕೆಂಪುಕಲ್ಲಿನ) ಗುಡ್ಡ ನೀರನ್ನು ಬೇಗ ಕುಡಿಯುತ್ತದೆ, ಬೇಗ ಬಿಟ್ಟೂ ಬಿಡುತ್ತದೆ. ಆ ಬಿಟ್ಟ ನೀರನ್ನು ಹಿಡಿಯಲು ಇಲ್ಲಿಯವರು ಬಾವಿಯ ಬದಲು ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಕೊರೆಯುತ್ತಾರೆ. ಅದೇ ಸುರಂಗ.

ಆಳು ಬಗ್ಗದೆ ಹೋಗುವಷ್ಟು ಎತ್ತರ, ಭುಜ ತಾಗುವಷ್ಟು ಅಗಲ. ಉದ್ದವನ್ನು ಕೋಲಿನ ಲೆಕ್ಕದಲ್ಲಿ ಹೇಳುತ್ತಾರೆ, ಒಂದು ಕೋಲು ಎಂದರೆ ಸುಮಾರು ಎರಡೂವರೆ ಅಡಿ. ಒಬ್ಬ ಪಿಕಾಸಿಯಿಂದ ಅಗೆದರೆ ಇನ್ನೊಬ್ಬ ಬುಟ್ಟಿಯಲ್ಲಿ ಮಣ್ಣು ಹೊರುತ್ತಾನೆ. ಒಳಗೆ ಮೊಂಬತ್ತಿ ಇಡುವುದು ಬೆಳಕಿಗೆ ಮಾತ್ರವಲ್ಲ: ಅದು ಕ್ಷೀಣಿಸಿದರೆ ಗಾಳಿ ಸಾಲದು, ತಕ್ಷಣ ಹೊರಗೆ ಬರಬೇಕು. ಉದ್ದ ಹೆಚ್ಚಾದರೆ ಮೇಲಿನಿಂದ ಗಾಳಿಕಂಡಿ ಕೊರೆಯುತ್ತಾರೆ. ನೆಲ ಬಾಯಿಯ ಕಡೆಗೆ ತುಸು ಇಳಿಜಾರಾಗಿರಬೇಕು. ಆಗ ನೀರು ಪಂಪಿಲ್ಲದೆ ತಾನಾಗಿ ಹರಿದುಬರುತ್ತದೆ, ಕರೆಂಟಿನ ಬಿಲ್ ಇಲ್ಲ. ಕರ್ಗಲ್ಲು ಸಿಕ್ಕರೆ ದಿಕ್ಕು ತಿರುಗಿಸಬಹುದು, ಬಿಳಿ ಶೇಡಿ ಮಣ್ಣು ಸಿಕ್ಕರೆ ಅಪಾಯ, ಅದು ಕುಸಿಯುತ್ತದೆ. ಅಗೆಯುವುದು ಬೇಸಿಗೆಯಲ್ಲೇ. ಮಳೆ ಮುಗಿದ ಕೂಡಲೇ ಸಿಕ್ಕ ಒಸರನ್ನು ನಂಬಿದವರಿಗೆ ಏಪ್ರಿಲ್‌ನಲ್ಲಿ ಒಣ ಗುಹೆ ಉಳಿಯುತ್ತದೆ. ನೀರು ಸಿಗುತ್ತದೆಂಬ ಖಾತರಿಯೂ ಇಲ್ಲ. ಗಡಿಯಾಚೆ, ಬಂಟ್ವಾಳ ತಾಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಕೊರೆದ ಸುರಂಗಗಳಲ್ಲಿ ಮೊದಲಿನವು ಸೋತವು. ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು.

ಹರಿವನ್ನು ಬಕೆಟ್ಟಿನಿಂದಲೇ ಅಳೆಯಬಹುದು. 10 ಲೀಟರ್ ಬಕೆಟ್ ಎರಡು ನಿಮಿಷದಲ್ಲಿ ತುಂಬಿದರೆ ದಿನಕ್ಕೆ 7200 ಲೀಟರ್. ಐದು ಜನರ ಮನೆಗೆ ಮಿಷನ್ನಿನ ಲೆಕ್ಕದಲ್ಲಿ ಬೇಕಾದ್ದು 275 ಲೀಟರ್. ಉಳಿದದ್ದು ತೊಟ್ಟಿಗೆ, ತೊಟ್ಟಿಯಿಂದ ಅಡಿಕೆಗೆ. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಎಂದು ಹಿಡಿದರೆ ಮುನ್ನೂರಕ್ಕೂ ಹೆಚ್ಚು ಮರ ಬದುಕುತ್ತವೆ.

ಇಂಥ ಮನೆಯನ್ನು ಸಮೀಕ್ಷೆ ‘ನಲ್ಲಿ ಸಂಪರ್ಕ ಇಲ್ಲ’ ಎಂದು ಬರೆದುಕೊಳ್ಳುತ್ತದೆ. ಪೈಪು ಎಳೆದು ನಲ್ಲಿ ಹಾಕಿದ ದಿನ ಅದು ‘ಆಗಿದೆ’ ಪಟ್ಟಿಗೆ ಹೋಗುತ್ತದೆ, ಬೇಸಿಗೆಯಲ್ಲಿ ಅದರಲ್ಲಿ ಗಾಳಿ ಬಂದರೂ ಸರಿಯೇ. ನದಿಯಿಂದ ಎತ್ತಿದ ನೀರಿನ ಪಾಡು ನೋಡಬೇಕಾದರೆ ಪಯಸ್ವಿನಿ ಇದೆ. ಕೊಡಗಿನ ಬೆಟ್ಟದಿಂದ ಸುಳ್ಯದ ಮೂಲಕ ಬಂದು ಚಂದ್ರಗಿರಿಯಾಗುವ ಹೊಳೆ ಅದು. ಬಾವಿಕ್ಕರೆಯಲ್ಲಿ ಸಮುದ್ರದ ನೀರನ್ನು ತಡೆಯುವ ಶಾಶ್ವತ ಅಣೆಕಟ್ಟು ಆಗುವವರೆಗೆ ಕಾಸರಗೋಡು ಪೇಟೆಯ ನಲ್ಲಿಗಳಲ್ಲಿ ಬೇಸಿಗೆಯೆಂದರೆ ಉಪ್ಪುನೀರು. ಲೆಕ್ಕದಲ್ಲಿ ಅದೂ ನಲ್ಲಿಯೇ. ಹಾಗೆಂದು ನಲ್ಲಿ ಬೇಡ ಎನ್ನುವವರು ಇಲ್ಲಿ ಯಾರೂ ಇಲ್ಲ. ಕಾಲನಿಗಳಲ್ಲಿ ಐದಾರು ಸೆಂಟ್ಸ್ ಜಾಗದವರಿಗೆ ಸುರಂಗ ಕೊರೆಯಲು ಗುಡ್ಡವೆಲ್ಲಿದೆ?

ಸುರಂಗದ ನೀರು ಅಮೃತವೂ ಅಲ್ಲ. ಮುರಕಲ್ಲಿನ ನೀರಿಗೆ ಆಮ್ಲಗುಣ ಹೆಚ್ಚು. ಪಿಎಚ್ ಹಲವು ಕಡೆ 6.5ರ ಕೆಳಗೆ. ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ತುಕ್ಕು ಹಿಡಿಯುತ್ತದೆ, ಹಾಗಾಗಿ ಹಿಂದೆ ಅಡಿಕೆ ಮರ ಸೀಳಿ ಮಾಡಿದ ದಂಬೆ, ಈಗ ಪಿವಿಸಿ. ಬಾವಲಿ ಹಿಕ್ಕೆ ನೀರಿಗೆ ಬೀಳುತ್ತದೆ. ಸುರಂಗದ ಬಾಯಿಗೆ ಬಲೆ ಕಟ್ಟಲೇಬೇಕು. ತೊಟ್ಟಿಯ 1000 ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪೌಡರ್, ಹಾಕಿ ಒಂದು ಗಂಟೆ ಬಿಟ್ಟು ಬಳಕೆ. ಪೌಡರ್ ತೆರೆದಿಟ್ಟು ಹಳತಾದರೆ ಸತ್ವ ಹೋಗಿರುತ್ತದೆ, ಹಾಕಿದ್ದೂ ಒಂದೇ ಬಿಟ್ಟದ್ದೂ ಒಂದೇ.

ಪಡ್ರೆಯಂಥ ಕಡೆ ನೀರಿನ ಮಾತು ಎಂಡೋಸಲ್ಫಾನ್ ಎಂಬ ಕೀಟನಾಶಕಕ್ಕೆ ಹೋಗದೆ ಮುಗಿಯುವುದಿಲ್ಲ. ಸರ್ಕಾರಿ ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ವಿಷ ಗುಡ್ಡದ ತಲೆಯ ಮೇಲೆ ಬಿತ್ತು, ಮನೆ, ತೋಡು, ಸುರಂಗಗಳೆಲ್ಲ ಅದರ ಕೆಳಗೇ ಇದ್ದವು. ದೇಶದಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆದದ್ದು 2011ರಲ್ಲಿ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಕೇರಳಕ್ಕೆ ಹೇಳಿದ್ದು 2017ರಲ್ಲಿ. ಪೈಪಿನ ಸೂಚಕದಲ್ಲಿ ಇದಕ್ಕೆ ಜಾಗವಿಲ್ಲ.

ಸುರಂಗ ಈಗ ಬತ್ತುವುದಕ್ಕೆ ಎರಡು ಕಾರಣ ದೊಡ್ಡವು. ಒಂದು ಕೊಳವೆಬಾವಿ: ಅದು ಕೆಳಗಿನ ಬಂಡೆಯ ಬಿರುಕಿನಿಂದ ಎಳೆದಷ್ಟೂ ಮೇಲಿನ ಮುರದ ನೀರು ಇಳಿದುಹೋಗುತ್ತದೆ. ಇನ್ನೊಂದು ಪದವಿನ, ಅಂದರೆ ಗುಡ್ಡದ ತಲೆಯ ಬಯಲಿನ, ಮೇಲಿನ ಕೆಂಪುಕಲ್ಲಿನ ಕೋರೆ; ನೀರು ಹಿಡಿದಿಡುವ ಪದರವನ್ನೇ ಕಲ್ಲಾಗಿ ಕೊಯ್ದು ಲಾರಿಗೆ ಹಾಕುವ ಕೆಲಸ. ಎರಡಕ್ಕೂ ಪರವಾನಗಿ ಕೊಡುವವರು ಬೇರೆ, ನಲ್ಲಿ ಎಣಿಸುವವರು ಬೇರೆ.

ಪಂಚಾಯತಿನಲ್ಲಿ ಮಾಡಬಹುದಾದದ್ದು ಇದೆ. ವಾರ್ಡಿನ ಗ್ರಾಮಸಭೆಯಲ್ಲಿ ಸುರಂಗಗಳನ್ನು, ಮದಕಗಳನ್ನು (ಮಳೆನೀರು ನಿಲ್ಲುವ ಹಳೆಯ ಕೆರೆಗಳನ್ನು) ನೀರಿನ ಮೂಲಗಳ ಪಟ್ಟಿಗೆ ಸೇರಿಸುವ ನಿರ್ಣಯ ಬರೆಸಬೇಕು. ಪಟ್ಟಿಯಲ್ಲಿಲ್ಲದ್ದಕ್ಕೆ ದುರಸ್ತಿ ದುಡ್ಡು ಬರುವುದಿಲ್ಲ. ಅರ್ಜಿ ಕನ್ನಡದಲ್ಲೇ ಕೊಡಬಹುದು, 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಿಂದ ಬಂದ ಹಕ್ಕು ಅದು. ನಮೂನೆ ಮಾತ್ರ ಹೆಚ್ಚಾಗಿ ಮಲಯಾಳದಲ್ಲಿರುತ್ತದೆ, ಓದಲು ಬಾರದವರು ಸಹಿ ಹಾಕುವ ಮೊದಲು ಓದಿಸಿಕೊಳ್ಳಲಿ. ಊರನ್ನು ‘ಹರ್ ಘರ್ ಜಲ್’ (ಪ್ರತಿ ಮನೆಗೂ ನಲ್ಲಿ ನೀರು) ಎಂದು ಪ್ರಮಾಣೀಕರಿಸಲೂ ಗ್ರಾಮಸಭೆಯ ನಿರ್ಣಯ ಬೇಕು. ಆ ನಿರ್ಣಯವನ್ನು ಅಕ್ಟೋಬರ್‌ನಲ್ಲಿ ತಂದರೆ ಏಪ್ರಿಲ್‌ಗೆ ಮುಂದೂಡಿ ಎಂದು ಕೇಳುವುದು ನ್ಯಾಯ.

ಮಳೆ ನಿಂತು ಹೊಳೆಯ ಹರಿವು ಇಳಿದ ಮೇಲೆ, ನವೆಂಬರ್-ಡಿಸೆಂಬರ್ ಹೊತ್ತಿಗೆ, ಏತಡ್ಕದ ಕಡೆ ಹೊಳೆಗೆ ಅಡ್ಡಲಾಗಿ ಕಲ್ಲು ಮಣ್ಣಿನ ಕಟ್ಟ ಹಾಕುತ್ತಾರೆ. ಬೇಗ ಹಾಕಿದರೆ ಕೊನೆಯ ಮಳೆಗೆ ಒಡೆದುಹೋಗುತ್ತದೆ, ತಡವಾದರೆ ನಿಲ್ಲಿಸಲು ನೀರೇ ಇರುವುದಿಲ್ಲ. ನೋಡಲು ಬರುವುದಾದರೆ ಕಟ್ಟಕ್ಕೆ ಡಿಸೆಂಬರ್, ಸುರಂಗಕ್ಕೆ ಏಪ್ರಿಲ್. ಮನೆಯವರನ್ನು ಕೇಳದೆ ಸುರಂಗದೊಳಗೆ ಕಾಲಿಡಬೇಡಿ. ಹಗಲು ಮುಳ್ಳುಹಂದಿ ಅಲ್ಲಿಯೇ ಮಲಗಿರಬಹುದು.