ಮಡಿಕೇರಿಯ ಮಳೆಗಾಲದಲ್ಲಿ ಕಾಸ್‌ಪ್ಲೇ ಕವಚದ ಅಂಟು ಯಾಕೆ ಬಿಟ್ಟುಕೊಳ್ಳುತ್ತದೆ?

ತಪ್ಪು ಅಂಟಿನದಲ್ಲ, ಗಾಳಿಯಲ್ಲಿರುವ ತೇವದ್ದು.

ಕಾಮಿಕ್ಸ್, ಸಿನಿಮಾ ಅಭಿಮಾನಿಗಳ ಮೇಳವಾದ ಕಾಮಿಕ್ ಕಾನ್‌ಗೆ ಇಷ್ಟದ ಪಾತ್ರದ ವೇಷ ಹಾಕಿಕೊಂಡು ಹೋಗುವವರು (ಇದೇ ಕಾಸ್‌ಪ್ಲೇ) ಕವಚವನ್ನು ಜಾಸ್ತಿ ಇವಿಎ ಫೋಮ್‌ನಲ್ಲೇ ಮಾಡುತ್ತಾರೆ, ಅಂದ್ರೆ ಚಪ್ಪಲಿ ಅಟ್ಟೆಯಂಥ ಮೆತ್ತನೆ ಹಾಳೆ. ಅದಕ್ಕೆ ಸಾಮಾನ್ಯವಾಗಿ ಚಪ್ಪಲಿ ರಿಪೇರಿಯವರ ಹಳದಿ ರಬ್ಬರ್ ಅಂಟು ಬಳಸುತ್ತಾರೆ. ಎರಡೂ ಕಡೆ ಹಚ್ಚಿ, ಸ್ವಲ್ಪ ಒಣಗಲು ಬಿಟ್ಟು, ಆಮೇಲೆ ಒತ್ತುವುದು. ಒಣಗುವಾಗ ಅದರೊಳಗಿನ ತಿನ್ನರ್‌ನಂಥ ದ್ರವ ಆವಿಯಾಗುತ್ತಾ ಮೇಲ್ಮೈಯನ್ನು ತಣ್ಣಗೆ ಮಾಡುತ್ತದೆ, ಕೈಗೆ ಸ್ಯಾನಿಟೈಸರ್ ಹಾಕಿದಾಗ ತಣ್ಣಗಾಗುತ್ತದಲ್ವಾ, ಹಾಗೆ. ಜುಲೈನಲ್ಲಿ ನಮ್ಮ ಗಾಳಿ ಮೊದಲೇ ತೊಯ್ದಿರುತ್ತದೆ, ಆ ತಂಪು ತಾಗಿದ ಕೂಡಲೇ ಅಂಟಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ನೀರು ಕೂರುತ್ತದೆ. ಅಂಟಿಗೆ ಅಂಟು ಸರಿಯಾಗಿ ತಾಗುವುದೇ ಇಲ್ಲ.

ನನ್ನ ಭುಜದ ಕವಚ ಹೀಗೇ ಹೋಯಿತು. ಬೆಂಗಳೂರು ಬಸ್ಸು ಕುಶಾಲನಗರ ದಾಟುವಷ್ಟರಲ್ಲಿ ಬಾಯಿ ಬಿಟ್ಟಿತ್ತು!

ಮಳೆ ಬಿಟ್ಟು ಬಿಸಿಲು ಬಂದ ದಿನ ಅಂಟಿಸಿ. ಕಾಯಲು ಆಗದಿದ್ದರೆ, ಕಿಟಕಿ ತೆರೆದು, ಅಂಟಿನ ವಾಸನೆ ಪೂರ್ತಿ ಹೋದ ಮೇಲೆ ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ ತಕ್ಷಣ ಒತ್ತಿ. ಒಲೆ ಪಕ್ಕ ಮಾತ್ರ ಕೂರಬೇಡಿ, ಆ ಆವಿಗೆ ಬೆಂಕಿ ಹಿಡಿಯುತ್ತದೆ.